ಯಾರ ಮನೆಯಲ್ಲಿ ಉಂಡಿರಿ?

ಶಹಾಪುರದ ಚರ್ಚಿಗೆ ಪಾಲಕಿಯಾಗಿ ಬಂದ ಮರುದಿನ ಬೆಳಿಗ್ಗೆ ಬಾಗಿಲು ತೆರೆದರೆ ಅಂಗಳದ ಬೇವಿನ ಮರಕ್ಕೆ ಒಂದು ಎಮ್ಮೆ ಕಟ್ಟಿತ್ತು. ಅದರ ಆಚೆಗೊಬ್ಬ, ಈಚೆಗೊಬ್ಬ ಗಂಡಸು ಕುಕ್ಕರುಗಾಲಲ್ಲಿ ಕೂತಿದ್ದರು. ನನ್ನನ್ನು ಕಂಡವರೇ ಎದ್ದು ಕೈ ಮುಗಿದರು.

"ಶರಣ್ರಿ ಅಮ್ಮಾರ. ಫೈಸ್ಲಾ ಮಾಡ್ರಿ," ಎಂದ ಒಬ್ಬ.

"ಏನಿದು?" ಎಂದೆ.

"ಎಮ್ಮಿರಿ," ಎಂದ ಇನ್ನೊಬ್ಬ.

ಅದು ಎಮ್ಮೆ ಎನ್ನುವುದು ನನಗೂ ಕಾಣುತ್ತಿತ್ತು. ಯಾರದ್ದು ಎನ್ನುವುದು ತಕರಾರು. ಫೈಸ್ಲಾ ಎಂದರೆ ತೀರ್ಪು. ಹಿಂದಿನ ಸಭಾಪಾಲಕರು ವರ್ಗವಾಗಿ ಹೋದ ಮೇಲೆ ಹೊಸಬರು ಬರಲಿ ಎಂದು ಇಬ್ಬರೂ ಕಾದಿದ್ದರಂತೆ. ಮಂಗಳೂರಿನಲ್ಲಿ ನಾನು ಸಹಾಯಕ ಪಾಲಕಿಯಾಗಿದ್ದ ಚರ್ಚಿನಲ್ಲಿ ಜಗಳಗಳೂ ಅರ್ಜಿಯ ರೂಪದಲ್ಲಿ ಬರುತ್ತಿದ್ದವು. ಸಮಿತಿಯವರು ಕನ್ನಡಕ ಒರೆಸಿಕೊಂಡು ಓದುವಷ್ಟರಲ್ಲಿ ಜಗಳವಾಡಿದವರಿಗೇ ಅರ್ಧ ಬೇಸರ ಬಂದಿರುತ್ತಿತ್ತು. ಇಲ್ಲಿ ಜಗಳ ನಾಲ್ಕು ಕಾಲಿನ ಮೇಲೆ ಬಂದು ಅಂಗಳದಲ್ಲಿ ಸಗಣಿ ಹಾಕಿ ನಿಂತಿತ್ತು. ಇಬ್ಬರು ಹೆಂಗಸರು ತನ್ನದು ತನ್ನದು ಎಂದ ಮಗುವನ್ನು ಎರಡು ತುಂಡು ಮಾಡಿ ಎಂದ ಸೊಲೊಮೋನನ ಕಥೆಯನ್ನು ನಾನು ಮಕ್ಕಳಿಗೆ ಎಷ್ಟೋ ಸಲ ಹೇಳಿದ್ದೇನೆ. ಎಮ್ಮೆಯ ವಿಷಯದಲ್ಲಿ ಆ ಉಪಾಯ ಅಪಾಯದ್ದು, ಇಬ್ಬರೂ ಒಪ್ಪಿಬಿಟ್ಟರೆ ಏನು ಗತಿ? ಚಹಾ ಮಾಡಿ ಕೊಟ್ಟೆ, ಪ್ರಾರ್ಥನೆ ಮಾಡಿದೆ, ಸ್ವಲ್ಪ ಸಮಯ ಬೇಕೆಂದೆ. ಅವರು ಸಮಯ ಕೊಟ್ಟರು, ಜೊತೆಗೆ ಎಮ್ಮೆಯನ್ನೂ ಬಿಟ್ಟು ಹೋದರು. ಹೊಸ ಅಮ್ಮಾರಿಗೆ ಹಾಲು ಹಿಂಡಲು ಬರುವುದಿಲ್ಲ ಎಂದು ಸಂಜೆಯೊಳಗೆ ಸುದ್ದಿ ತಿಳಿದು, ತಾವೇ ರಾಜಿಯಾಗಿ ಬಂದು ಬಿಚ್ಚಿಕೊಂಡು ಹೋದರು. ಇದು ನನ್ನ ಮೊದಲ ತೀರ್ಪು.

ಊರಿನಿಂದ ನೀವೆಲ್ಲ ಫೋನು ಮಾಡಿದಾಗ ಬಿಸಿಲಿನ ವಿಷಯ ಕೇಳುತ್ತೀರಿ. ಬಿಸಿಲು ಇದೆ, ಸುಳ್ಳು ಹೇಳುವುದಿಲ್ಲ. ಆದರೆ ನಮ್ಮಲ್ಲಿಯ ಹಾಗೆ ಮೈಗೆ ಅಂಟಿಕೊಳ್ಳುವುದಿಲ್ಲ. ಒಗೆದ ಬಟ್ಟೆಯನ್ನು ತಂತಿಯ ಈ ತುದಿಯಿಂದ ಹರವುತ್ತ ಆ ತುದಿಗೆ ಹೋಗಿ ತಿರುಗಿದರೆ ಮೊದಲನೆಯದು ಒಣಗಿರುತ್ತದೆ. ಅಮ್ಮನಿಗೆ ಇದನ್ನು ಹೇಳಿದಾಗ ಅವಳಿಗೆ ನಿಜವಾಗಿಯೂ ಹೊಟ್ಟೆಕಿಚ್ಚಾಯಿತು. ಚರ್ಚಿನ ಪಕ್ಕದ ನನ್ನ ವಾಸದ ಮನೆಗೆ ಎಲ್ಲರೂ ಬಂಗ್ಲೆ ಎನ್ನುತ್ತಾರೆ. ಒಂದು ಕೋಣೆ, ಪಡಸಾಲೆ, ಅಡುಗೆಮನೆ. ತೋಳುದ್ದ ದಪ್ಪದ ಕಲ್ಲಿನ ಗೋಡೆ, ನೆಲಕ್ಕೆ ಹಾಸುಗಲ್ಲು. ಹಂಚಿನ ಮಾಡು ಇಲ್ಲ, ಚಪ್ಪಟೆ ಮಾಳಿಗೆ. ಬೇಸಗೆಯಲ್ಲಿ ಎಲ್ಲರ ಹಾಗೆ ನಾನೂ ಮಾಳಿಗೆಯ ಮೇಲೆ ಮಲಗುವುದನ್ನು ಕಲಿತೆ. ಬಾಗಿಲು ತಟ್ಟುವ ಪದ್ಧತಿ ಇಲ್ಲ. ಬಂದವರು ನೇರ ಅಡುಗೆಮನೆಗೆ ಬಂದು, ಏನು ಬೇಯುತ್ತಿದೆ ಎಂದು ಮುಚ್ಚಳ ತೆಗೆದು ನೋಡಿ, ಆಮೇಲೆ ಮಾತು ಶುರುಮಾಡುತ್ತಾರೆ.

ಭಾಷೆ ಕನ್ನಡವೇ ತಾನೇ ಎಂದು ಧೈರ್ಯದಿಂದ ಬಂದಿದ್ದೆ. ನಾನು "ಬನ್ನಿ, ಕೂತುಕೊಳ್ಳಿ" ಎಂದರೆ ಮಕ್ಕಳು ಬಾಯಿಗೆ ಕೈ ಅಡ್ಡ ಇಟ್ಟು ನಗುತ್ತಿದ್ದರು. ಅಮ್ಮಾರು ಪುಸ್ತಕ ಓದಿದಂತೆ ಮಾತಾಡುತ್ತಾರೆ ಎಂದು ಅವರ ಅಂಬೋಣ. ನನಗೋ ಇವರ ಮಾತೆಲ್ಲ ಬೈದ ಹಾಗೆ ಕೇಳಿಸುತ್ತಿತ್ತು. ಒಮ್ಮೆ ಸುರಪುರದ ಬಸ್ಸಿನಲ್ಲಿ ಪಕ್ಕ ಕೂತ, ಗುರುತಿಲ್ಲದ ಹೆಂಗಸೊಬ್ಬಳು "ನಿಮ್ಮ ಗಂಡ ಏನ್ ಮಾಡ್ತಾರ್ರಿ?" ಎಂದು ಕೇಳಿದಳು. ಮದುವೆಯಾಗಿಲ್ಲ ಎಂದೆ. "ಯಾಕ್ರಿ, ಏನಾಗಿತ್ತು?" ಎಂದಳು. ಕಾಯಿಲೆಯವರನ್ನು ವಿಚಾರಿಸುವ ದನಿ. ಏನೂ ಆಗಿರಲಿಲ್ಲ ಎಂದೆ. ಅವಳು ನಿಟ್ಟುಸಿರು ಬಿಟ್ಟು, ಬುತ್ತಿ ಬಿಚ್ಚಿ, ಒಂದು ಜೋಳದ ರೊಟ್ಟಿಗೆ ಶೇಂಗಾ ಹಿಂಡಿ ಎನ್ನುವ ಚಟ್ನಿಪುಡಿ ಹಚ್ಚಿ ನನ್ನ ಕೈಗೆ ಕೊಟ್ಟಳು. ನಮ್ಮ ಕಡೆ ಇಂಥ ಪ್ರಶ್ನೆಯನ್ನು ಯಾರೂ ಎದುರಿಗೆ ಕೇಳುವುದಿಲ್ಲ, ರೊಟ್ಟಿಯನ್ನೂ ಕೊಡುವುದಿಲ್ಲ. ಯಾವುದು ವಾಸಿ ಎಂದು ನಾನಿನ್ನೂ ತೀರ್ಮಾನಿಸಿಲ್ಲ.

ಮೀನಿನ ಕೊರಗೊಂದು ಇತ್ತು. ಕೃಷ್ಣಾ ಹೊಳೆಯ ಮೀನು ಸಂತೆಗೆ ಬರುತ್ತದೆ, ಆದರೆ ನಮ್ಮ ನಾಲಿಗೆಗೆ ಬಂಗುಡೆ ಬೇಕು, ಹಸಿ ತೆಂಗಿನಕಾಯಿ ಬೇಕು. ಊರಿಂದ ತಂದ ಕುಚ್ಚಲಕ್ಕಿಯನ್ನು ಜೋಪಾನವಾಗಿ, ಮನಸ್ಸು ಸರಿಯಿಲ್ಲದ ದಿನಕ್ಕೆಂದು ಎತ್ತಿಡುತ್ತಿದ್ದೆ. ಅಂಥ ದಿನಗಳು ಮೊದಲ ವರ್ಷ ಕಡಿಮೆಯೇನೂ ಇರಲಿಲ್ಲ. ಜನ ಪ್ರೀತಿಯಿಂದಲೇ ಇದ್ದರು. ಆದರೆ ಯಾರಾದರೂ ನನ್ನನ್ನು "ನಮ್ಮವರು" ಎಂದರೆ ಸಾಕು ಎಂದು ಒಳಗೊಳಗೇ ಕಾಯುತ್ತಿದ್ದೆ. ಯಾರೂ ಅನ್ನಲಿಲ್ಲ.

ಇಷ್ಟೆಲ್ಲ ಹೇಳಿದ್ದು ರೂತಳ ಮದುವೆಯ ವಿಷಯ ಹೇಳಲಿಕ್ಕೆ. ವನದುರ್ಗದ ಆಚೆ ಒಂದು ಹಳ್ಳಿಯಲ್ಲಿ ನಮ್ಮದೊಂದು ಪುಟ್ಟ ಸಭೆ ಇದೆ, ವಾರಕ್ಕೊಮ್ಮೆ ನಾನು ಹೋಗಿ ಆರಾಧನೆ ನಡೆಸುತ್ತೇನೆ. ರೂತ್ ಆ ಊರಿನ ಹುಡುಗಿ, ಯಾದಗಿರಿಯಲ್ಲಿ ನರ್ಸ್. ಗುರುಮಠಕಲ್ ಕಡೆಯ, ಮನೆಯಲ್ಲಿ ತೆಲುಗು ಮಾತಾಡುವ ಹುಡುಗನೊಂದಿಗೆ ಮದುವೆ ಗೊತ್ತಾಗಿತ್ತು. ಒಂದು ದಿನ ಡ್ಯೂಟಿ ಮುಗಿಸಿ ನೇರ ಬಂಗ್ಲೆಗೆ ಬಂದಳು.

"ಅಮ್ಮಾರ, ನಮ್ಮ ಮಾವನ್ನ ಕರ್ಕೊಂಡು ಬರ್ರಿ. ಮಾವ ಕೈ ಹಿಡದು ಕರ್ಕೊಂಡು ಹೋಗ್ಲಿಲ್ಲಂದ್ರ ನಾ ಚರ್ಚಿನ್ಯಾಗ ಕಾಲಿಡಂಗಿಲ್ಲ."

ಆ ಊರಿನಲ್ಲಿ ಮದುಮಗಳನ್ನು ಮನೆಯಿಂದ ಚರ್ಚಿನ ಬಾಗಿಲವರೆಗೆ ಕೈಹಿಡಿದು ಕರೆತರುವವನು ಸೋದರಮಾವ. ರೂತಳ ತಾಯಿ ಮಾರ್ತಮ್ಮನಿಗೆ ಇರುವುದು ಒಬ್ಬನೇ ತಮ್ಮ, ಸಮುವೇಲ. ಅದೇ ಊರಿನ ಇನ್ನೊಂದು ಓಣಿಯಲ್ಲಿ ಮನೆ. ಅವನು ಅಕ್ಕನ ಹೊಸ್ತಿಲು ತುಳಿಯದೆ ಎಷ್ಟೋ ವರ್ಷಗಳಾಗಿದ್ದವು. ರೂತಳ ಅಪ್ಪ ದಾನಿಯೇಲಪ್ಪ ಸಭೆಯ ಹಿರಿಯ. ಇವನು ಕರ್ತನ ಭೋಜನದ ರೊಟ್ಟಿ, ದ್ರಾಕ್ಷಾರಸಕ್ಕೆ ಮುಂದೆ ಬಂದ ಭಾನುವಾರ ಅವನು ಹಿಂದೆ ಕೂತಿರುತ್ತಿದ್ದ, ಅವನು ಬಂದ ದಿನ ಇವನು. ನಾನು ಇದನ್ನು ಗಮನಿಸಿದ್ದೆ, ಕಾಕತಾಳೀಯ ಎಂದುಕೊಂಡಿದ್ದೆ.

ಜಗಳದ ಕಾರಣ ಒಂದು ಮಣ್ಣು. ಸಮುವೇಲ ಪುಣೆಯಲ್ಲಿ ಕಟ್ಟಡದ ಕೆಲಸಕ್ಕಿದ್ದಾಗ ಇಲ್ಲಿ ಅವನ ಅಪ್ಪ ತೀರಿಹೋದರು. ಸುದ್ದಿ ತಿಳಿದು ಅವನು ಹೊರಟ. ಕಡು ಬೇಸಗೆ. ಮನೆಯ ಅಳಿಯನೂ ಸಭೆಯ ಹಿರಿಯನೂ ಆಗಿದ್ದ ದಾನಿಯೇಲಪ್ಪ ಇನ್ನು ಹೆಣ ಇಡುವುದು ಆಗದು ಎಂದು ಹೇಳಿ ಮಣ್ಣು ಮಾಡಿಸಿಬಿಟ್ಟ. ಸಮುವೇಲ ಬಸ್ಸಿನಿಂದ ಇಳಿದಾಗ ಜನ ಗೋರಿಯ ಕಡೆಯಿಂದ ಕೈಕಾಲು ತೊಳೆದುಕೊಂಡು ವಾಪಸು ಬರುತ್ತಿದ್ದರು. ಅಪ್ಪನ ಗುಂಡಿಗೆ ಒಂದು ಹಿಡಿ ಮಣ್ಣು ಹಾಕುವುದು ಅವನಿಗೆ ಆಗಲಿಲ್ಲ. ಅಂದಿನಿಂದ ಆ ಮನೆಯ ನೀರನ್ನೂ ಮುಟ್ಟಿಲ್ಲ.

ನಾನು ರೂತಳಿಗೆ ಮಾತು ಕೊಟ್ಟೆ. ಇಂಥ ಎಷ್ಟೋ ಮನಸ್ತಾಪಗಳನ್ನು ಮಂಗಳೂರಿನಲ್ಲಿ ಬಗೆಹರಿಸಿದವಳು ನಾನು, ಸಭಾಪಾಲನೆಯ ಪಾಠದಲ್ಲಿ ಒಳ್ಳೆಯ ಅಂಕ ಪಡೆದವಳು ಬೇರೆ. ಮೊದಲು ದಾನಿಯೇಲಪ್ಪನ ಮನೆಗೆ ಹೋಗಿ ಅವರ ಮಾತು ಕೇಳಿದೆ. ಮಾರ್ತಮ್ಮ ಶೇಂಗಾ ಹೋಳಿಗೆ ಮಾಡಿದ್ದಳು. ಹೊಟ್ಟೆ ಬಿರಿಯುವಷ್ಟು ಉಂಡು, ಅಲ್ಲಿಂದ ಸಮುವೇಲನ ಮನೆಗೆ ನಡೆದೆ. ಅವನ ಹೆಂಡತಿ ಎಸ್ತೇರಮ್ಮ ಬಿಸಿ ರೊಟ್ಟಿ, ಪುಂಡಿಪಲ್ಯದ ತಾಟು ತಂದು ಮುಂದಿಟ್ಟಳು. ಹೊಟ್ಟೆ ತುಂಬಿದೆ, ನೀರು ಸಾಕು ಎಂದೆ.

ಸಮುವೇಲ ತಲೆ ಎತ್ತಿ ನೋಡಿದ. "ಯಾರ ಮನ್ಯಾಗ ಉಂಡ್ರಿ?"

ನಿಜ ಹೇಳಿದೆ. ಅವನೇ ಎದ್ದು ತಾಟನ್ನು ಒಳಗಿಟ್ಟು ಬಂದ.

"ಹೇಳ್ರಿ," ಎಂದ. ಹತ್ತು ನಿಮಿಷ ಕ್ಷಮೆಯ ಬಗ್ಗೆ ಮಾತಾಡಿದೆ. ಅವನು ಕೇಳಿಸಿಕೊಂಡ, ನಡುವೆ ಒಂದು ಸಲವೂ ತಡೆಯಲಿಲ್ಲ. ಕೊನೆಗೆ, "ಒಂದು ಬಸ್ ಕಾಯಾಕ ಆಗ್ಲಿಲ್ಲ ಅವನಿಗಿ. ಅಲ್ಲಿ ಉಂಡು ಬಂದೀರಿ, ಅಲ್ಲಿದೇ ಮಾತಾಡ್ತೀರಿ. ಹೋಗಿ ಬರ್ರಿ ಅಮ್ಮಾರ," ಎಂದು ಬಾಗಿಲ ತನಕ ಬಂದು ಕಳಿಸಿಕೊಟ್ಟ.

ಏನು ಕೆಟ್ಟಿತು ಎಂದು ನನಗೆ ತಿಳಿಯಲೇ ಇಲ್ಲ. ಮರುದಿನ ರೂತ್ ಫೋನಿನಲ್ಲಿ ಅಳುತ್ತ ತಿಳಿಹೇಳಿದಳು. ಜಗಳ ಬಿಡಿಸಲು ಹೋಗುವವರು ಮೊದಲು ಯಾವ ಮನೆಯಲ್ಲಿ ಕೈ ತೊಳೆದರೋ ಆ ಮನೆಯವರೇ ಆದರು. ಊಟವೇ ಫೈಸ್ಲಾ, ಆಮೇಲಿನ ಮಾತೆಲ್ಲ ಬರೀ ಮಾತು. ನಮ್ಮಲ್ಲಿ ಪಾಲಕರು ಎರಡು ಮನೆಯಲ್ಲೂ ಒಂದೊಂದು ಕಪ್ ಕಾಫಿ, ಒಂದೊಂದು ಬಿಸ್ಕತ್ತು ತಿಂದು ಬರುತ್ತಾರೆ, ಯಾರೂ ಅದನ್ನು ಲೆಕ್ಕಕ್ಕೆ ಹಿಡಿಯುವುದಿಲ್ಲ. ಇಲ್ಲಿ ನಾನು ಹೋಳಿಗೆ ತಿಂದು ತೀರ್ಪು ಕೊಟ್ಟು ಮುಗಿಸಿದ್ದೆ.

ಹಾಗಾದರೆ ಸರಿದೂಗಿಸೋಣ ಎಂದು ಇನ್ನೊಂದು ದಿನ ಬೇಕೆಂದೇ ಉಪವಾಸ ಹೋಗಿ ಸಮುವೇಲನ ಮನೆಯಲ್ಲಿ ಉಂಡೆ. ಎಸ್ತೇರಮ್ಮನಿಗೆ ಬಹಳ ಸಂತೋಷವಾಯಿತು, ಬೆಣ್ಣೆ ಹಾಕಿ ಹಾಕಿ ಬಡಿಸಿದಳು. ನಾನು ಬಸ್ ನಿಲ್ದಾಣ ತಲುಪುವ ಮೊದಲೇ ಸುದ್ದಿ ದಾನಿಯೇಲಪ್ಪನ ಮನೆ ತಲುಪಿತ್ತು. ಮುಂದಿನ ಭಾನುವಾರ ಅವನು ಚರ್ಚಿಗೆ ಬರಲಿಲ್ಲ. ಮಾರ್ತಮ್ಮ ಬಂದಳು, ಆದರೆ ಆರಾಧನೆ ಮುಗಿದ ಮೇಲೆ ನನ್ನ ಮುಖ ನೋಡದೆ ಹೋದಳು. ಅತ್ತ ಗುರುಮಠಕಲ್‌ನವರು, ಹುಡುಗಿಯ ಸೋದರಮಾವ ಎಲ್ಲಿಯೂ ಕಾಣುತ್ತಿಲ್ಲವಲ್ಲ, ಏನು ಸಮಾಚಾರ ಎಂದು ಕೇಳತೊಡಗಿದ್ದರು. ಮದುವೆ ಹತ್ತಿರ ಬರುತ್ತಿತ್ತು. ಒಂದು ಜಗಳ ಬಿಡಿಸಲು ಹೋಗಿ ಅದನ್ನು ಮೂರು ಜನರ ಜಗಳ ಮಾಡಿಟ್ಟಿದ್ದೆ.

ಆ ವಾರ ಕುಚ್ಚಲಕ್ಕಿ ಗಂಜಿ ಮಾಡಿಕೊಂಡೆ. ಅಮ್ಮನಿಗೆ ಫೋನು ಮಾಡಿ ಎಲ್ಲ ಹೇಳಿಕೊಂಡೆ.

"ಎಂತದಕ್ಕೆ ಅಲ್ಲಿ ಕಷ್ಟಪಡುವುದು? ವರ್ಗ ಕೇಳು ಮಾರಾಯ್ತಿ. ಅವರ ಜಗಳ ಅವರಿಗೆ," ಎಂದಳು.

ಕೇಳಿಬಿಡಬೇಕು ಅಂತಲೇ ಅನ್ನಿಸಿತ್ತು, ಸುಳ್ಳು ಯಾಕೆ ಹೇಳಲಿ. ಇವರ ಭಾಷೆ ಕಲಿಯಬಹುದು, ಬಿಸಿಲು ತಡೆಯಬಹುದು, ಆದರೆ ತಟ್ಟೆಯೊಳಗಿನ ಕಾನೂನನ್ನು ಹೊರಗಿನವಳು ಕಲಿಯುವುದು ಯಾವ ಕಾಲಕ್ಕೆ?

ಭಾನುವಾರದ ಪ್ರಸಂಗಕ್ಕೆ ತಯಾರಿ ಮಾಡಬೇಕಿತ್ತು. ಅಂತಿಯೋಕ್ಯದಲ್ಲಿ ಯೇಸುವಿನ ಶಿಷ್ಯ ಪೇತ್ರ ಪರಜನರೊಂದಿಗೂ ಕೂತು ಉಣ್ಣುತ್ತಿದ್ದವನು, ತನ್ನ ಕಡೆಯ ದೊಡ್ಡ ಜನ ಬಂದ ಕೂಡಲೇ ಪಂಕ್ತಿಯಿಂದ ಎದ್ದು ಬೇರೆ ಕೂತ ಕಥೆ. ಜೊತೆಯ ಬೋಧಕ ಪೌಲ ಅವನನ್ನು ಎಲ್ಲರೆದುರು ತರಾಟೆಗೆ ತೆಗೆದುಕೊಂಡ. ಓದುವಾಗ ನಮಗಿದನ್ನು ದೊಡ್ಡ ತತ್ತ್ವವಾಗಿ ಕಲಿಸಿದ್ದರು. ಆ ದಿನ ನನಗೆ ಕಂಡದ್ದು ತಟ್ಟೆ ಹಿಡಿದುಕೊಂಡು ಎದ್ದ ಒಬ್ಬ ಮನುಷ್ಯ, ಅವನು ಬಿಟ್ಟು ಹೋದ ಖಾಲಿ ಜಾಗ, ಆ ಜಾಗದ ಪಕ್ಕ ಕೂತವರ ಮುಖ. ಸಭೆ ನಡೆಸುವವರ ಊಟ ಅವರೊಬ್ಬರ ಊಟವಲ್ಲ ಎನ್ನುವುದು ಶಹಾಪುರದ ಕಡೆಯವರು ಹೊಸದಾಗಿ ಕಂಡುಹಿಡಿದದ್ದೇನೂ ಅಲ್ಲ, ಬೈಬಲಿನಲ್ಲಿ ಮೊದಲಿನಿಂದ ಇತ್ತು. ನಾನು ಹಾಗೆ ಓದಿರಲಿಲ್ಲ ಅಷ್ಟೆ.

ಅದೇ ಪೇತ್ರನ ಇನ್ನೊಂದು ಕಥೆಗೂ ಪುಟ ತಿರುಗಿಸಿದೆ. ತನ್ನನ್ನು ಹಿಡಿದುಕೊಂಡು ಹೋದ ರಾತ್ರಿ ಕೈಕೊಟ್ಟು ಓಡಿಹೋಗಿದ್ದವನನ್ನು ಯೇಸು ಸರಿಮಾಡಿದ್ದು ಅವನ ಮನೆಗೆ ಹೋಗಿ ಅಲ್ಲ, ಅವನನ್ನು ಕರೆಸಿ ವಿಚಾರಣೆ ಮಾಡಿಯೂ ಅಲ್ಲ. ಯಾರ ಮನೆಯೂ ಅಲ್ಲದ ಕೆರೆಯ ದಡದಲ್ಲಿ ಕೆಂಡ ಮಾಡಿ, ಮೀನು ಸುಟ್ಟು, ಮೊದಲು ಉಣ್ಣಲು ಕರೆದ. ನನ್ನನ್ನು ಪ್ರೀತಿಸುತ್ತೀಯಾ ಎಂದು ಕೇಳಿದ್ದು ಉಂಡಾದ ಮೇಲೆ. ಕಡಲಿನ ಊರಿನಲ್ಲಿ ಹುಟ್ಟಿದ ನನಗೆ ಈ ಕಥೆ ಚಿಕ್ಕಂದಿನಿಂದ ಬಾಯಿಪಾಠ. ಮೀನಿನ ವಾಸನೆಗೇ ಅದು ಇಷ್ಟವಾಗಿತ್ತೋ ಏನೋ, ಅದರಲ್ಲಿ ಒಂದು ಕೆಲಸ ಮಾಡುವ ರೀತಿ ಇದೆ ಎಂದು ಹೊಳೆದಿರಲಿಲ್ಲ.

ಮರುದಿನವೇ ಹೊರಟೆ. ಈ ಸಲ ಎರಡು ಮನೆಯಲ್ಲೂ ಹೊರಗಿನ ಕಟ್ಟೆಯ ಮೇಲೇ ಕೂತೆ, ನೀರನ್ನೂ ಬೇಡವೆಂದೆ. ಭಾನುವಾರ ಮಧ್ಯಾಹ್ನ ನನ್ನ ಮನೆಗೆ ಊಟಕ್ಕೆ ಬನ್ನಿ, ಆ ಮನೆಯವರನ್ನೂ ಕರೆದಿದ್ದೇನೆ ಎಂದು ಇಬ್ಬರಿಗೂ ಮುಚ್ಚುಮರೆಯಿಲ್ಲದೆ ಹೇಳಿದೆ. ದಾನಿಯೇಲಪ್ಪ ನೆಲ ನೋಡುತ್ತ ಹೂಂ ಎಂದ. ಸಮುವೇಲ ಅಷ್ಟು ಸುಲಭಕ್ಕೆ ಬಿಡಲಿಲ್ಲ.

"ನೀವು ಈಗ ಯಾರ ಕಡಿ ಅದೀರಿ ಅಮ್ಮಾರ?"

"ನಾನು ಮಂಗಳೂರಿನ ಕಡೆ," ಎಂದೆ.

ಅವನು ನಗು ತಡೆಯಲು ನೋಡಿದ, ಆಗಲಿಲ್ಲ. "ಏನ್ ಮಾಡ್ತೀರಿ ಊಟಕ್ಕ?"

"ಮೀನು."

"ನೋಡ್ತೀನ್ರಿ," ಎಂದ. ಇಲ್ಲಿ ನೋಡ್ತೀನಿ ಎಂದರೆ ಬರುವುದೂ ಉಂಟು, ಬಾರದಿರುವುದೂ ಉಂಟು.

ಭಾನುವಾರ ಎರಡೂ ಮನೆಯವರು ಬಂದರು. ರೂತ್ ಬೆಳಿಗ್ಗೆಯೇ ಬಂದು ಪಡಸಾಲೆ ಗುಡಿಸಿ ಚಾಪೆ ಹಾಸಿದ್ದಳು. ಒಂದೇ ಚಾಪೆಯ ಈ ತುದಿಗೆ ದಾನಿಯೇಲಪ್ಪ, ಆ ತುದಿಗೆ ಸಮುವೇಲ. ಮಾರ್ತಮ್ಮ, ಎಸ್ತೇರಮ್ಮ ನಡುವೆ ಗೋಡೆಯಂತೆ ಕೂತರು. ನಾನು ಕುಚ್ಚಲಕ್ಕಿ ಅನ್ನ ಬಡಿಸಿ, ಕೊಬ್ಬರಿ ಅರೆದು ಮಾಡಿದ ಹೊಳೆಮೀನಿನ ಸಾರು ಹಾಕಿದೆ. ಅಷ್ಟು ದಪ್ಪನೆಯ ಅನ್ನದ ಅಗುಳನ್ನು ಅವರು ಕಂಡಿರಲಿಲ್ಲ. ಸಮುವೇಲ ಒಂದು ತುತ್ತು ಬಾಯಿಗಿಟ್ಟು ಜಗಿದ. ಜಗಿಯುತ್ತಲೇ ಇದ್ದ. ದಾನಿಯೇಲಪ್ಪ ಸಾರಿನಲ್ಲಿ ಬೆರಳಾಡಿಸಿ ಏನನ್ನೋ ಹುಡುಕುತ್ತಿದ್ದ.

"ಮೀನಿಗಿ ಕೊಬ್ರಿ ಹಾಕ್ಯಾರಲ್ಲೋ," ಎಂದ ಮೆಲ್ಲಗೆ, ಯಾರಿಗೂ ಅಲ್ಲದಂತೆ.

"ಖಾರನ ಹಾಕಿಲ್ಲ," ಎಂದ ಸಮುವೇಲ, ತಟ್ಟೆಗೆ ಹೇಳಿದಂತೆ.

"ಸಪ್ಪಗದ."

"ಪಾಯಸ ಆಗ್ಯಾದ ಬಿಡು."

ಎಸ್ತೇರಮ್ಮ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. ಮಾರ್ತಮ್ಮನ ಭುಜ ಅಲುಗುತ್ತಿತ್ತು, ನಗುತ್ತಿದ್ದಾಳೋ ಅಳುತ್ತಿದ್ದಾಳೋ ಎಂದು ನೋಡಿದೆ, ಎರಡೂ. ನನಗೆ ನಿಜಕ್ಕೂ ಸಿಟ್ಟು ಬಂತು. ಎಷ್ಟು ಕಷ್ಟಪಟ್ಟು ಮಾಡಿದ ಸಾರು! ಆದರೆ ಎಷ್ಟೋ ವರ್ಷಗಳ ಮೇಲೆ ಇಬ್ಬರೂ ಒಂದು ಮಾತಿನ ಮೇಲೆ ಒಂದಾಗಿದ್ದರು, ಅದು ನನ್ನ ಅಡುಗೆಯ ವಿರುದ್ಧ. ನಾನು ಬಾಯಿ ಮುಚ್ಚಿಕೊಂಡು ಖಾರದ ಪುಡಿಯ ಡಬ್ಬಿ ತಂದಿಟ್ಟೆ. ಅದು ದಾನಿಯೇಲಪ್ಪನ ಕೈಗೆ ಹತ್ತಿರವಿತ್ತು. ಅವನು ತಾನು ಹಾಕಿಕೊಳ್ಳಲಿಲ್ಲ. ಇಬ್ಬರು ಹೆಂಗಸರನ್ನೂ ದಾಟಿಸಿ, ಕೈ ಚಾಚಿ, ಸಮುವೇಲನ ತಟ್ಟೆಯ ಪಕ್ಕ ಇಟ್ಟ.

"ನಾ ಕಾಯಬೇಕಿತ್ತೋ ಸಮುವೇಲಾ," ಎಂದ.

ಸಮುವೇಲ ಡಬ್ಬಿ ನೋಡುತ್ತ ಕೂತ. "ಬಿಸಲಿತ್ತು ಅಂತಾರಲ್ಲ ಎಲ್ಲರೂ," ಎಂದ.

"ಬಿಸಲಿತ್ತು. ಆದ್ರೂ ಕಾಯಬೇಕಿತ್ತು."

ನಾನು ಕ್ಷಮೆಯ ಮೇಲೆ ಪ್ರಸಂಗ ಮಾಡಲಿಲ್ಲ, ಪ್ರಾರ್ಥನೆಗೆ ಎದ್ದು ನಿಲ್ಲಿ ಎನ್ನಲೂ ಇಲ್ಲ. ಸಮುವೇಲ ಖಾರ ಹಾಕಿಕೊಂಡು ತಟ್ಟೆಯಲ್ಲಿದ್ದಷ್ಟನ್ನೂ ಉಂಡ. ಹೊರಡುವಾಗ ರೂತಳ ತಲೆಯ ಮೇಲೆ ಕೈಯಿಟ್ಟು, "ಸೀರಿ ಯಾವ ಬಣ್ಣದ್ದು ತರ್ಲೆವಾ?" ಎಂದು ಕೇಳಿದ. ಅವಳು ಒಳಗೆ ಓಡಿದಳು.

ಮದುವೆಯ ದಿನ ಮಾವ ಕೈಹಿಡಿದು ಕರೆತಂದ. ಓಣಿಯ ಜನ, ಪಕ್ಕದ ಹಿಂದೂ ಮನೆಗಳವರು ಎಲ್ಲ ಮಾಳಿಗೆ ಹತ್ತಿ ನೋಡಿದರು. ಬಾಗಿಲಲ್ಲಿ ನಿಂತಿದ್ದ ನಾನು ಇಬ್ಬರನ್ನೂ ಎದುರುಗೊಂಡು ಆರಾಧನೆ ಶುರುಮಾಡಿದೆ. ಸಮುವೇಲ ಇನ್ನೂ ಅಕ್ಕನ ಮನೆಯೊಳಗೆ ಉಂಡಿಲ್ಲ, ಶಾಮಿಯಾನದಲ್ಲಿ ಉಂಡ. ಅದು ನಿಧಾನಕ್ಕೆ ಆಗುವ ಮಾತು ಎನ್ನುತ್ತಾರೆ. ಆದರೆ ಆ ತಿಂಗಳ ಕರ್ತನ ಭೋಜನಕ್ಕೆ ಇಬ್ಬರೂ ಒಂದೇ ಸಾಲಿನಲ್ಲಿ ಬಂದು ನಿಂತರು.

ಬೇಸಗೆಯಲ್ಲಿ ಊರಿಗೆ ಬಂದಿದ್ದೆನಲ್ಲ, ನಿಮ್ಮಲ್ಲಿ ಕೆಲವರು ನೋಡಿದ್ದೀರಿ. ಅತ್ತಿಗೆ ನನಗೆಂದು ಹೊಸ ತಟ್ಟೆ ತೆಗೆದು ಬಡಿಸಿದಳು, ನೆಂಟರಿಗೆ ಬಡಿಸುವ ಹಾಗೆ. ಬಂಗುಡೆ ಸಾರು ಸಪ್ಪೆ ಅನ್ನಿಸಿ ನಾನು ಖಾರದ ಪುಡಿ ಕೇಳಿದೆ. ಅಮ್ಮ ತುತ್ತು ನಿಲ್ಲಿಸಿ ನನ್ನನ್ನೇ ನೋಡಿದಳು. ವರ್ಗದ ಮಾತನ್ನು ಆಮೇಲೆ ಅವಳು ಎತ್ತಲಿಲ್ಲ, ನಾನೂ ಎತ್ತಲಿಲ್ಲ.

ವಾಪಸು ಬಂದ ಮೇಲೆ ಹಳ್ಳಿಗೆ ಹೋದ ಮೊದಲ ದಿನ ಮಾರ್ತಮ್ಮ ತನ್ನ ಬಾಗಿಲಲ್ಲೇ ಎದುರಾದಳು. ಮಧ್ಯಾಹ್ನದ ಹೊತ್ತು. ರೊಟ್ಟಿ ಬಡಿಯುತ್ತಿದ್ದವಳು ಹಿಟ್ಟಿನ ಕೈಯಲ್ಲೇ ಎದ್ದು ಬಂದಿದ್ದಳು. ಜಗಳ ಮುಗಿದಿದೆ, ಇನ್ನು ಏನು ಅಡ್ಡಿ ಎಂದು ನಾನೇ ಬಾಯಿ ಬಿಟ್ಟು ಕೇಳಿದೆ: "ಮಾರ್ತಮ್ಮ, ಇವತ್ತು ನಿಮ್ಮ ಮನೆಯಲ್ಲೇ ಉಣ್ಣಲೇನು?"

ಅವಳ ಮುಖದಲ್ಲಿ ಸಂತೋಷ ಬಂತು, ಬಂದಹಾಗೆಯೇ ಹೋಯಿತು. ನನ್ನ ಕೈ ಹಿಡಿದುಕೊಂಡಳು.

"ಬ್ಯಾಡ್ರಿ ಅಮ್ಮಾರ. ಸಿಟ್ಟಾಗಬ್ಯಾಡ್ರಿ. ನಮ್ಮ ಭಾವನ ಮಕ್ಕಳಿಬ್ರು ಮಾತು ಬಿಟ್ಟಾರ, ಹೆಂಗಾರ ಮಾಡಿ ಮುಂದಿನ ಆಯ್ತಾರ ನಿಮ್ಮಲ್ಲಿಗೆ ಕಳಸ್ತೀವಿ. ನೀವು ಯಾರ ಮನ್ಯಾಗೂ ಉಣ್ಣಂಗಿಲ್ಲ ಅಂತ ತಿಳದ ಅವರು ಬರಾಕ ಒಪ್ಯಾರ. ನೀವು ನಮ್ಮವರಾಗಿಬಿಟ್ರ ನಾವೆಲ್ಲ ಎಲ್ಲಿಗಿ ಹೋಗಬೇಕ್ರಿ?"

ಬಸ್ಸಿಗೆ ಇನ್ನೂ ಹೊತ್ತಿತ್ತು. ಅವಳ ಕಟ್ಟೆಯ ಮೇಲೆ ಕೂತೆ. ಅವಳೂ ರೊಟ್ಟಿ ಅಲ್ಲೇ ಬಿಟ್ಟು ನನ್ನ ಪಕ್ಕ ಕೂತಳು, ಬಸ್ಸು ಬರುವವರೆಗೆ ಒಳಗೆ ಹೋಗಿ ಉಣ್ಣಲೇ ಇಲ್ಲ.